ನೆಟ್ಟಗೆ ಬಾರದ ಗೆರೆ: ಡಿಗ್ರಿ ಕಾಲೇಜಿನಲ್ಲಿ ಭೌತ ರಸಾಯನಶಾಸ್ತ್ರದ ಜೊತೆ ನನ್ನ ಅನುಭವ

ಕ್ಲೋರಮೀನ್-ಟಿ ಒಂದು ಬಿಳಿ ಪುಡಿ. ಮೂಗಿನ ಹತ್ತಿರ ತಂದರೆ ಕ್ಲೋರಿನ್ ವಾಸನೆ ತೆಳುವಾಗಿ ಬರುತ್ತದೆ. ಕ್ರಿಮಿನಾಶಕವಾಗಿ ಅದರ ಬಳಕೆ ಹಳೆಯದು. ನಾನು ಸುಮಾರು 30 ವರ್ಷ ಅದನ್ನು ಬೇರೊಂದು ಕೆಲಸಕ್ಕೆ ಬಳಸಿದೆ. ಅದು ಇನ್ನೊಂದು ವಸ್ತುವಿನ ಜೊತೆ ಎಷ್ಟು ಬೇಗ ವರ್ತಿಸುತ್ತದೆ ಎಂದು ಗಡಿಯಾರ ಹಿಡಿದು ಅಳೆಯುವುದು ನನ್ನ ಸಂಶೋಧನೆ. ಉಳಿದ ಹೊತ್ತೆಲ್ಲ ಪಾಠ. ತಾಲೂಕು ಕೇಂದ್ರದ ಒಂದು ಡಿಗ್ರಿ ಕಾಲೇಜಿನಲ್ಲಿ ಎರಡನ್ನೂ ಮಾಡಿದೆ. ಈಗ ನಿವೃತ್ತಿಯಾಗಿದೆ. ಚಿಕ್ಕ ಊರಿನ ಕಾಲೇಜುಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿರುವವರು ಆಗಾಗ ಕೇಳುತ್ತಾರೆ, "ಸರ್, ಇಲ್ಲಿದ್ದುಕೊಂಡು ರಿಸರ್ಚ್ ಮಾಡಕ್ಕಾಗುತ್ತಾ?" ನಾನು ಹೇಗೆ ಮಾಡಿದೆ ಎಂದು ಅವರಿಗಾಗಿ ಬರೆಯುತ್ತಿದ್ದೇನೆ.

ನನ್ನದು ತಿಪಟೂರು ಸೀಮೆಯ ಹಳ್ಳಿ. ಮನೆಯ ಸುತ್ತ ತೆಂಗಿನ ತೋಟ. ಹತ್ತನೆಯ ತರಗತಿವರೆಗೆ ಕನ್ನಡ ಮಾಧ್ಯಮ. ಬಿ.ಎಸ್ಸಿ.ಗೆ ಬಂದಾಗ ಇಂಗ್ಲಿಷ್ ಪುಸ್ತಕದ ಒಂದು ಪುಟ ಓದಲು ಒಂದು ಗಂಟೆ ಹಿಡಿಯುತ್ತಿತ್ತು. ಆದರೆ ಲೆಕ್ಕ ಇದ್ದ ಕಡೆ ಭಾಷೆಯ ಕಷ್ಟ ಅಷ್ಟಾಗಿ ಇರಲಿಲ್ಲ. ಸಮೀಕರಣ ಎಲ್ಲ ಭಾಷೆಯಲ್ಲೂ ಒಂದೇ ಅಲ್ವಾ. ರಸಾಯನಶಾಸ್ತ್ರದ ಒಳಗೆ ಲೆಕ್ಕ ಜಾಸ್ತಿ ಇರುವ ಭಾಗ ಭೌತ ರಸಾಯನಶಾಸ್ತ್ರ. ಹಾಗಾಗಿ ಅದರ ಕಡೆ ಹೋದೆ. 1988ರಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಯಿತು. ಮರುವರ್ಷ ಅನುದಾನಿತ ಕಾಲೇಜೊಂದರಲ್ಲಿ ಲೆಕ್ಚರರ್ ಆದೆ.

ಮೊದಲ ಐದು ವರ್ಷ ಪಾಠ ಬಿಟ್ಟು ಬೇರೇನೂ ಮಾಡಲಿಲ್ಲ. ಅದು ಒಳ್ಳೆಯದೇ ಆಯಿತು. ವಾರಕ್ಕೆ 16 ಗಂಟೆ ಕೆಲಸ ಎಂದು ಕಾಗದದಲ್ಲಿ ಇತ್ತು. ಪ್ರಾಕ್ಟಿಕಲ್‌ಗೆ ದ್ರಾವಣ ತಯಾರಿಸುವುದು, ರೆಕಾರ್ಡ್ ತಿದ್ದುವುದು ಸೇರಿಸಿದರೆ ಅದು ಎಲ್ಲೆಲ್ಲೋ ಹೋಗುತ್ತಿತ್ತು. ನನ್ನ ಮುಂದೆ ಕೂತವರು ನನ್ನಂತೆಯೇ ಹಳ್ಳಿಯಿಂದ ಬಂದವರು. "ರಿಯಾಕ್ಷನ್ ರೇಟ್" ಎಂದು ಬೋರ್ಡಿನ ಮೇಲೆ ಬರೆದರೆ ಬರೆದುಕೊಳ್ಳುತ್ತಿದ್ದರು, ಅಷ್ಟೇ. ಕಣ್ಣಲ್ಲಿ ಏನೂ ಕಾಣುತ್ತಿರಲಿಲ್ಲ.

ಒಂದು ದಿನ ಮೊಸರಿನಿಂದ ಶುರು ಮಾಡಿದೆ. "ಬೇಸಿಗೆಯಲ್ಲಿ ನಿಮ್ಮಮ್ಮ ಹಾಲಿಗೆ ಎಷ್ಟು ಹೆಪ್ಪು ಹಾಕ್ತಾರೆ? ಚಳಿಗಾಲದಲ್ಲಿ ಎಷ್ಟು?" ಎಂದು ಕೇಳಿದೆ. ಇಡೀ ಕ್ಲಾಸು ಮಾತಾಡಿತು. ಬೇಸಿಗೆಯಲ್ಲಿ ಅರ್ಧ ಚಮಚ ಸಾಕು, ಚಳಿಗಾಲದಲ್ಲಿ ಒಂದೂವರೆ ಚಮಚ ಬೇಕು. ಜೊತೆಗೆ ಪಾತ್ರೆಯನ್ನು ಒಲೆಯ ಪಕ್ಕ ಇಡಬೇಕು. ಒಬ್ಬಳು, "ನಮ್ಮಜ್ಜಿ ಅಕ್ಕಿ ಡಬ್ಬದೊಳಗೆ ಇಡ್ತಾರೆ ಸರ್" ಎಂದಳು. ನೋಡಿ, ಉಷ್ಣತೆ, ಸಾಂದ್ರತೆ, ಶಾಖ ಹೊರಗೆ ಹೋಗದಂತೆ ತಡೆಯುವುದು, ಮೂರೂ ಬಂದವು. ಆಮೇಲೆ ಸಮೀಕರಣಕ್ಕೆ ಹೋದರೆ ಅದು ಪರಕೀಯ ಅನಿಸುವುದಿಲ್ಲ. ಮೊಸರಾಗುವುದು ಬ್ಯಾಕ್ಟೀರಿಯಾದ ಬೆಳವಣಿಗೆ, ಸರಳ ರಾಸಾಯನಿಕ ಕ್ರಿಯೆಯ ಸೂತ್ರ ಅದಕ್ಕೆ ಹಾಗೆಯೇ ಹೊಂದುವುದಿಲ್ಲ ಎನ್ನುವುದನ್ನೂ ಅವತ್ತೇ ಹೇಳಿದೆ. ಉದಾಹರಣೆ ಎಲ್ಲಿಯವರೆಗೆ ನಿಜ ಎನ್ನುವುದನ್ನು ಹೇಳದಿದ್ದರೆ ಹುಡುಗರು ಅದನ್ನೇ ಪರೀಕ್ಷೆಯಲ್ಲಿ ಬರೆದು ಬರುತ್ತಾರೆ.

ತೆಂಗಿನೆಣ್ಣೆಯೂ ತುಂಬ ಉಪಯೋಗಕ್ಕೆ ಬಂತು. ಅದು ಸುಮಾರು 24 ಡಿಗ್ರಿಯಲ್ಲಿ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗ್ಗೆ ಬಾಟಲಿಯಲ್ಲಿ ಅರ್ಧ ಗಟ್ಟಿ, ಅರ್ಧ ನೀರಾಗಿ ಇರುತ್ತದೆ. ಅದನ್ನೇ ಕ್ಲಾಸಿಗೆ ತೆಗೆದುಕೊಂಡು ಹೋಗಿ ಘನ ಮತ್ತು ದ್ರವದ ಸಮತೋಲನ ಪಾಠ ಮಾಡುತ್ತಿದ್ದೆ.

1994ರಲ್ಲಿ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) ಟೀಚರ್ ಫೆಲೋಶಿಪ್ ಸಿಕ್ಕಿತು. ಕಾಲೇಜಿನಿಂದ ರಜೆ, ಸಂಬಳ ಬರುತ್ತದೆ, ಪಿಎಚ್.ಡಿ. ಮಾಡಬಹುದು. ಮತ್ತೆ ಮೈಸೂರಿಗೆ ಹೋದೆ. ವಿಷಯ, ಕ್ಲೋರಮೀನ್-ಟಿ ಬಳಸಿ ಅಮೈನೋ ಆಮ್ಲಗಳ ಉತ್ಕರ್ಷಣ (ಆಕ್ಸಿಡೇಶನ್), ಅದರ ದರ, ಅಂದರೆ ವೇಗ. ಮೈಸೂರಿನಲ್ಲಿ ಪ್ರೊ. ಡಿ.ಎಸ್. ಮಹದೇವಪ್ಪ ಅವರ ಗುಂಪು ಈ ವಸ್ತುವಿನ ಮೇಲೆ ಬಹಳ ಕೆಲಸ ಮಾಡಿತ್ತು. ಓದಲು ಪೇಪರುಗಳಿಗೆ ಕೊರತೆ ಇರಲಿಲ್ಲ.

ಈ ವಸ್ತುವೇ ಯಾಕೆ ಎಂದು ಕೇಳಬಹುದು. ಅಳೆಯಲು ಬ್ಯುರೆಟ್ (ದ್ರಾವಣವನ್ನು ಹನಿಹನಿಯಾಗಿ ಬಿಡುವ, ಅಳತೆ ಗುರುತಿನ ಗಾಜಿನ ಕೊಳವೆ) ಸಾಕು, ಅದೇ ಮುಖ್ಯ ಕಾರಣ. ಅತಿ ವೇಗದ ಕ್ರಿಯೆಗಳನ್ನು ಅಳೆಯುವ ದಾರಿ ಕಂಡುಹಿಡಿದಿದ್ದಕ್ಕೆ ಐಗೆನ್, ನೋರಿಷ್, ಪೋರ್ಟರ್ ಅವರಿಗೆ 1967ರಲ್ಲಿ ನೊಬೆಲ್ ಬಂತು. ಅಂಥ ಯಂತ್ರಗಳು ನಮ್ಮ ಕೈಗೆ ಎಟುಕುವಂಥವಲ್ಲ. ಆದರೆ ನಿಧಾನವಾಗಿ, ಅರ್ಧ ಗಂಟೆ, ಒಂದು ಗಂಟೆ ನಡೆಯುವ ಕ್ರಿಯೆ ಆರಿಸಿಕೊಂಡರೆ ಗಾಜಿನ ಸಾಮಾನು, ಸ್ಟಾಪ್‌ವಾಚ್, ತಾಳ್ಮೆ ಇಷ್ಟರಲ್ಲೇ ಒಳ್ಳೆಯ ಅಳತೆ ಬರುತ್ತದೆ. ಜರ್ಮನಿಯ ವಿಲ್ಹೆಲ್ಮಿ 1850ರಲ್ಲಿ ಆಮ್ಲದಲ್ಲಿ ಸಕ್ಕರೆ ಒಡೆಯುವ ವೇಗ ಅಳೆದದ್ದು ಪೋಲಾರಿಮೀಟರ್ ಹಿಡಿದು, ಅಂದರೆ ದ್ರಾವಣ ಬೆಳಕನ್ನು ಎಷ್ಟು ತಿರುಗಿಸುತ್ತದೆ ಎಂದು ನೋಡುವ ಸಾಧನ. ಸಕ್ಕರೆಯ ಇದೇ ಕ್ರಿಯೆಯನ್ನು ಮುಂದಿಟ್ಟುಕೊಂಡು ಅರೀನಿಯಸ್ 1889ರಲ್ಲಿ ಉಷ್ಣತೆಗೂ ದರಕ್ಕೂ ಇರುವ ಸಂಬಂಧ ವಿವರಿಸಿದರು. ಸಣ್ಣ ಲ್ಯಾಬಿನಲ್ಲಿ ದೊಡ್ಡ ಪ್ರಶ್ನೆ ಕೇಳಬಹುದು ಎಂದು ನಾನು ನಂಬಿದ್ದು ಇವರನ್ನು ಓದಿ.

ಒಂದು ರನ್, ಅಂದರೆ ಒಂದು ಸಲದ ಅಳತೆ, ಹೇಗಿರುತ್ತಿತ್ತು ಎಂದು ಹೇಳುತ್ತೇನೆ. ಕ್ಲೋರಮೀನ್-ಟಿ ಬೆಳಕಿಗೆ ಕೆಡುತ್ತದೆ. ಹಾಗಾಗಿ ಫ್ಲಾಸ್ಕಿನ ಹೊರಗೆ ಕಪ್ಪು ಬಣ್ಣ ಬಳಿದಿರುತ್ತಿದ್ದೆವು. ಒಂದರಲ್ಲಿ ಅಮೈನೋ ಆಮ್ಲ, ಪರ್‌ಕ್ಲೋರಿಕ್ ಆಮ್ಲ, ನೀರು. ಇನ್ನೊಂದರಲ್ಲಿ ಕ್ಲೋರಮೀನ್-ಟಿ. ಎರಡನ್ನೂ ಉಷ್ಣತೆ ಬದಲಾಗದಂತೆ ಹಿಡಿದಿಡುವ 35 ಡಿಗ್ರಿಯ ಥರ್ಮೋಸ್ಟಾಟ್ ತೊಟ್ಟಿಯಲ್ಲಿ ಅರ್ಧ ಗಂಟೆ ಇಡಬೇಕು. ಅಮೈನೋ ಆಮ್ಲ ಹತ್ತು ಪಟ್ಟಾದರೂ ಜಾಸ್ತಿ ಇರಬೇಕು. ಆಗ ಅದರ ಪ್ರಮಾಣ ಹೆಚ್ಚುಕಡಿಮೆ ಬದಲಾಗುವುದಿಲ್ಲ, ಕ್ಲೋರಮೀನ್-ಟಿ ಖರ್ಚಾಗುವುದನ್ನು ಮಾತ್ರ ಗಮನಿಸಿದರೆ ಸಾಕು. ಎರಡನ್ನೂ ಬೆರೆಸಿ ಸ್ಟಾಪ್‌ವಾಚ್ ಒತ್ತುವುದು. ಐದು ನಿಮಿಷಕ್ಕೊಮ್ಮೆ 5 ಎಂ.ಎಲ್. ಪಿಪೆಟ್ ಮಾಡಿ, ಆಮ್ಲ ಬೆರೆಸಿದ ಪೊಟ್ಯಾಸಿಯಂ ಅಯೊಡೈಡ್‌ಗೆ ಸುರಿಯುವುದು. ಕ್ರಿಯೆ ಅಲ್ಲೇ ನಿಲ್ಲುತ್ತದೆ. ಉಳಿದಿದ್ದ ಕ್ಲೋರಮೀನ್-ಟಿಗೆ ಸಮನಾದ ಅಯೊಡಿನ್ ಹೊರಬರುತ್ತದೆ. ಅದನ್ನು ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಬೇಕು, ಅಂದರೆ ಬ್ಯುರೆಟ್ಟಿನಿಂದ ಹನಿಹನಿಯಾಗಿ ಬಿಟ್ಟು ಎಷ್ಟು ಖರ್ಚಾಯಿತು ಎಂದು ನೋಡಬೇಕು. ಬಣ್ಣ ತೆಳು ಹಳದಿಗೆ ಬಂದ ಮೇಲೆ ಸ್ಟಾರ್ಚ್, ಅಯೊಡಿನ್ ಇದ್ದರೆ ಅದು ನೀಲಿಯಾಗುತ್ತದೆ. ಮೊದಲೇ ಹಾಕಿದರೆ ಅಯೊಡಿನ್ ಅದರಲ್ಲಿ ಸಿಕ್ಕಿಕೊಂಡು ಟೈಟ್ರೇಶನ್ ಮುಗಿಯುವ ಹಂತ (ಎಂಡ್ ಪಾಯಿಂಟ್) ತಡವಾಗುತ್ತದೆ. ನೀಲಿ ಒಂದೇ ಹನಿಗೆ ಹೋಗಬೇಕು. ಇಷ್ಟು ಮುಗಿಯುವಷ್ಟರಲ್ಲಿ ಮುಂದಿನ ಐದು ನಿಮಿಷ ಬಂದಿರುತ್ತದೆ.

ಇಂಥವು ದಿನಕ್ಕೆ ಮೂರು, ನಾಲ್ಕು ರನ್. ಪ್ರತಿಯೊಂದನ್ನೂ ಎರಡು ಸಲ. ಆಮ್ಲ ಬದಲಿಸಿ, ಉಷ್ಣತೆ ಬದಲಿಸಿ, ಮೆಥನಾಲ್ ಸೇರಿಸಿ, ಉಪ್ಪು ಸೇರಿಸಿ. ಮೂರು ವರ್ಷದಲ್ಲಿ 600ಕ್ಕೂ ಜಾಸ್ತಿ ರನ್ ಮಾಡಿದ್ದೆ. ಕರೆಂಟ್ ಹೋದರೆ ಥರ್ಮೋಸ್ಟಾಟ್ ಸುತ್ತ ಗೋಣಿಚೀಲ ಸುತ್ತಿ, ಕೈಯಲ್ಲೇ ನೀರು ಕಲಕುತ್ತಾ, ಬಿಸಿನೀರು ಸೇರಿಸಿ ಅರ್ಧ ಡಿಗ್ರಿಯೊಳಗೆ ಹಿಡಿದಿಟ್ಟು ರನ್ ಮುಗಿಸಲು ನೋಡುತ್ತಿದ್ದೆ. ಅರ್ಧ ಡಿಗ್ರಿ ಆಚೆ ಹೋದರೆ ಎಲ್ಲ ಚೆಲ್ಲಿ ಮರುದಿನ ಮತ್ತೆ. ಆ ಶಿಸ್ತು ಕಲಿಸಿದ್ದು ನಮ್ಮ ಗೈಡ್. "ಡೌಟ್ ಇದ್ರೆ ಮತ್ತೆ ಮಾಡಪ್ಪ" ಎನ್ನುವುದು ಬಿಟ್ಟು ಅವರು ಹೆಚ್ಚೇನೂ ಹೇಳುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ತಪ್ಪು ಮಾಡಿದೆ. ಖರ್ಚಾದ ಥಯೋಸಲ್ಫೇಟ್‌ನ ಅಳತೆಗೆ ಟೈಟರ್ ಎನ್ನುತ್ತೇವೆ. ಅದರ ಲಾಗ್ (ಲಾಗರಿತಮ್) ವರ್ಸಸ್ ಟೈಮ್ ಗ್ರಾಫ್ ಎಳೆದರೆ ನೇರ ಗೆರೆ ಬರಬೇಕು. ಕ್ರಿಯೆ 75 ಶೇಕಡಾ ಮುಗಿಯುವವರೆಗೆ ಬರುತ್ತಿತ್ತು. ಆಮೇಲಿನ ಒಂದೆರಡು ಬಿಂದು ಕೆಲವು ರನ್‌ಗಳಲ್ಲಿ ಗೆರೆಯ ಮೇಲಕ್ಕೆ ಹೋಗುತ್ತಿದ್ದವು. ಅಂದರೆ ಕೊನೆಕೊನೆಗೆ ಕ್ರಿಯೆ ಇರಬೇಕಾದ್ದಕ್ಕಿಂತ ನಿಧಾನ. 75 ಶೇಕಡಾವರೆಗಿನ ರೀಡಿಂಗ್ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವುದು ಈ ಕೆಲಸದಲ್ಲಿ ರೂಢಿ. ಕೊನೆಯಲ್ಲಿ ಟೈಟರ್ ಒಂದೆರಡು ಎಂ.ಎಲ್.ಗೆ ಇಳಿದಿರುತ್ತದೆ, ಒಂದು ಹನಿಯ ತಪ್ಪೂ ದೊಡ್ಡದಾಗಿ ಕಾಣುತ್ತದೆ. ರೂಢಿಗೆ ಅರ್ಥವಿದೆ. ಆದರೆ ತಪ್ಪು ಹನಿಯದ್ದಾಗಿದ್ದರೆ ಬಿಂದು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಹೋಗಬೇಕಿತ್ತು. ನನ್ನವು ಯಾವಾಗಲೂ ಮೇಲಕ್ಕೇ ಹೋಗುತ್ತಿದ್ದವು. ಅದನ್ನು ಕಂಡೂ ಪೆನ್ಸಿಲ್ಲಿನಲ್ಲಿ ಸಣ್ಣ ಸುನ್ನೆ ಸುತ್ತಿ ಮುಂದೆ ಹೋದೆ. ಥೀಸಿಸ್ ಬರೆಯುವ ಅವಸರ ಇತ್ತು.

1997ರಲ್ಲಿ ಡಿಗ್ರಿ ಬಂತು. ವಾಪಸ್ ಕಾಲೇಜಿಗೆ ಬಂದೆ. ಮೊದಲಿನ ಹಾಗೇ ಪಾಠ, ಪ್ರಾಕ್ಟಿಕಲ್, ಪರೀಕ್ಷೆಯ ಕೆಲಸ. ಲ್ಯಾಬಿನಲ್ಲಿ ಥರ್ಮೋಸ್ಟಾಟ್ ಇರಲಿಲ್ಲ. ನಾಲ್ಕು ವರ್ಷ ಒಂದು ರನ್ ಕೂಡ ಮಾಡಲಿಲ್ಲ. ಸಂಶೋಧನೆ ಮುಗಿಯಿತು ಅಂದುಕೊಂಡೆ.

ಆಮೇಲೆ 2001ರ ಮಾರ್ಚ್. ಬಿ.ಎಸ್ಸಿ. ಕೊನೆಯ ವರ್ಷದವರಿಗೆ ಮೀಥೈಲ್ ಅಸಿಟೇಟ್ ಪ್ರಯೋಗ. ರಸಾಯನಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವುದೇ. ಮೀಥೈಲ್ ಅಸಿಟೇಟ್ ಒಂದು ಎಸ್ಟರ್, ಅದನ್ನು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿದರೆ ನಿಧಾನವಾಗಿ ಅಸಿಟಿಕ್ ಆಮ್ಲ ಬರುತ್ತದೆ. ಆಗಾಗ 5 ಎಂ.ಎಲ್. ತೆಗೆದು ತಣ್ಣನೆ ನೀರಿಗೆ ಹಾಕಿ, ಸೋಡಿಯಂ ಹೈಡ್ರಾಕ್ಸೈಡಿನಿಂದ ಟೈಟ್ರೇಟ್ ಮಾಡಬೇಕು. ಕ್ರಿಯೆ ಪೂರ್ತಿ ಮುಗಿದ ಮೇಲಿನ ರೀಡಿಂಗ್ ಮರುದಿನ. ಅದಕ್ಕೆ ಇನ್‌ಫಿನಿಟಿ ರೀಡಿಂಗ್ ಎನ್ನುತ್ತೇವೆ. ಅದಿಲ್ಲದೆ ಲೆಕ್ಕ ಆಗುವುದಿಲ್ಲ. ಹೆಚ್ಚಿನ ಹುಡುಗರು ಅದನ್ನು ಹಿಂದಿನ ವರ್ಷದ ರೆಕಾರ್ಡ್ ನೋಡಿ ಬರೆದುಬಿಡುತ್ತಿದ್ದರು. ಅದು ನನಗೂ ಗೊತ್ತಿತ್ತು.

ಆ ವರ್ಷ 18 ಜನರಲ್ಲಿ 17 ಜನರ ಗ್ರಾಫ್ ಸ್ಕೇಲಿನಷ್ಟು ನೆಟ್ಟಗೆ. ಒಬ್ಬ ಹುಡುಗಿಯದ್ದು ಮಾತ್ರ ಕೆಳಕ್ಕೆ ಬಾಗಿತ್ತು. "ಏನಮ್ಮಾ ಇದು, ಎಂಡ್ ಪಾಯಿಂಟ್ ಸರಿಯಾಗಿ ನೋಡಿಲ್ವಾ?" ಎಂದೆ, ಸ್ವಲ್ಪ ಜೋರಾಗಿಯೇ. ಅವಳು ಅಳುಕಲಿಲ್ಲ. "ಎಲ್ಲಾನೂ ಎರಡೆರಡು ಸಲ ನೋಡಿದೀನಿ ಸರ್. ಬರೋದೇ ಹಂಗೆ" ಎಂದಳು. ಇನ್‌ಫಿನಿಟಿ ರೀಡಿಂಗ್ ನೋಡಲು ಅವಳು ಹಳ್ಳಿಯಿಂದ ಮೊದಲ ಬಸ್ಸಿಗೆ ಬಂದು, ಕಾಲೇಜಿನ ಬಾಗಿಲು ತೆಗೆಯುವ ಮುಂಚೆ ಮೆಟ್ಟಿಲ ಮೇಲೆ ಕೂತಿದ್ದಳು ಎಂದು ಆಮೇಲೆ ಅಟೆಂಡರ್ ಹೇಳಿದರು.

ಅವಳ ಹಾಳೆ ಮನೆಗೆ ತಂದೆ. ಗೆರೆ ಕೆಳಕ್ಕೆ ಬಾಗುವುದು ಅಂದರೆ ಹೊತ್ತು ಹೋದ ಹಾಗೆ ಕ್ರಿಯೆ ಬೇಗ ಆಗುತ್ತಿದೆ ಎಂದರ್ಥ. ಬೇಗ ಯಾಕೆ ಆಗಬೇಕು? ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ನಮ್ಮ ಲ್ಯಾಬಿನ ಮೇಲೆ ಶೀಟು. ಮರುದಿನ ಅವಳ ಮೇಜಿನ ಮೇಲೆ, ಕಿಟಕಿಯ ಪಕ್ಕ, ಥರ್ಮಾಮೀಟರ್ ಇಟ್ಟು ನೋಡಿದೆ. ಬೆಳಗ್ಗೆ 10ಕ್ಕೆ 27 ಡಿಗ್ರಿ. 12ಕ್ಕೆ 33. ಈ ಕ್ರಿಯೆಯ ವೇಗ ಹತ್ತು ಡಿಗ್ರಿಗೆ ಎರಡರಿಂದ ಎರಡೂವರೆ ಪಟ್ಟಾಗುತ್ತದೆ. ಆರು ಡಿಗ್ರಿಗೆ ಒಂದೂವರೆ ಪಟ್ಟು ದಾಟುತ್ತದೆ. ನಾನೇ ಲೆಕ್ಕ ಹಾಕಿ ಗೆರೆ ಎಳೆದೆ. ಅದು ಹೆಚ್ಚುಕಡಿಮೆ ಅವಳ ಗೆರೆಯ ಮೇಲೇ ಕೂತಿತು.

ಅಂದರೆ ಆ ದಿನ ಆ ಕೋಣೆಯಲ್ಲಿ ನೇರ ಗೆರೆ ಬರುವುದು ಸಾಧ್ಯವೇ ಇರಲಿಲ್ಲ. ಉತ್ತರ ಗೊತ್ತಿದ್ದ 17 ಜನ ಹಿಂದಿನಿಂದ ಲೆಕ್ಕ ಮಾಡಿ ರೀಡಿಂಗ್ ಬರೆದಿದ್ದರು. ಅವರಿಗೆ ನಾನು ಹತ್ತಕ್ಕೆ ಒಂಬತ್ತು ಕೊಟ್ಟಿದ್ದೆ.

ಮುಂದಿನ ಕ್ಲಾಸಿನಲ್ಲಿ ಎಲ್ಲರ ಎದುರು ಅವಳ ಗ್ರಾಫ್ ಬೋರ್ಡಿನ ಮೇಲೆ ಎಳೆದು ವಿವರಿಸಿದೆ. ನಾನು ಗದರಿದ್ದು ತಪ್ಪು ಎಂದೂ ಹೇಳಿದೆ. ಉಳಿದವರನ್ನು ಬೈಯಲಿಲ್ಲ. ನೆಟ್ಟನೆ ಗೆರೆಗೆ ಅಂಕ ಕೊಡುವುದು ನಾನೇ ಕಲಿಸಿದ ಪಾಠ. ಆ ವರ್ಷದಿಂದ ಅಂಕ ಕೊಡುವ ಕ್ರಮ ಬದಲಿಸಿದೆ. ಉತ್ತರಕ್ಕೆ ಕಡಿಮೆ. ರೀಡಿಂಗ್ ಪುನಃ ತೆಗೆದಿದ್ದಕ್ಕೆ, ಬಾಗಿದ ಗೆರೆಗೆ ಕಾರಣ ಹುಡುಕಿದ್ದಕ್ಕೆ ಜಾಸ್ತಿ. ವಾರ್ಷಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರೊಬ್ಬರು ಇದನ್ನು ಒಪ್ಪಲಿಲ್ಲ. "ಇದೆಲ್ಲ ಎಂ.ಎಸ್ಸಿ.ಗೆ ಇರಲಿ" ಎಂದರು. ಅವರ ಜೊತೆ ವಾದ ಆಯಿತು. ನನಗೆ ಬೇಜಾರೂ ಆಯಿತು. ಅಳತೆಯ ಪ್ರಾಮಾಣಿಕತೆಯನ್ನು ಎಂ.ಎಸ್ಸಿ.ವರೆಗೆ ಮುಂದೂಡಿದರೆ ಅದು ಆಮೇಲೂ ಬರುವುದಿಲ್ಲ ಎಂದು ನನಗೆ ಈಗಲೂ ಖಚಿತವಾಗಿ ಅನಿಸುತ್ತದೆ.

ಅವಳ ಗ್ರಾಫ್ ಬೋರ್ಡಿನ ಮೇಲೆ ಎಳೆದ ದಿನ ರಾತ್ರಿ ಇನ್ನೊಂದು ಕೆಲಸ ಮಾಡಿದೆ. ಟ್ರಂಕಿನಿಂದ ಮೈಸೂರಿನ ನೋಟ್‌ಬುಕ್ ತೆಗೆದೆ. ಪೆನ್ಸಿಲ್ ಸುನ್ನೆಗಳು ಹಾಗೇ ಇದ್ದವು. ಎಣಿಸಿದೆ. ಆಮ್ಲ ಕಡಿಮೆ ಇದ್ದ ರನ್‌ಗಳಲ್ಲೇ ಸುನ್ನೆ ಜಾಸ್ತಿ. ಇದನ್ನು ಮೂರು ವರ್ಷ ಆ ನೋಟ್‌ಬುಕ್ ಬರೆಯುತ್ತಾ ನಾನು ನೋಡಿರಲಿಲ್ಲ.

ಕ್ಲೋರಮೀನ್-ಟಿ ತನ್ನ ಕ್ಲೋರಿನ್ ಕೊಟ್ಟ ಮೇಲೆ ಉಳಿಯುವುದು ಟಾಲ್ವೀನ್ ಸಲ್ಫೊನಮೈಡ್. ನೀರಿನಲ್ಲಿ ಕ್ಲೋರಮೀನ್-ಟಿ ಸ್ವಲ್ಪ ಒಡೆದು ಹೈಪೋಕ್ಲೋರಸ್ ಆಮ್ಲ ಕೊಡುತ್ತದೆ, ಜೊತೆಗೆ ಇದೇ ಸಲ್ಫೊನಮೈಡ್. ಇದು ಎರಡೂ ಕಡೆ ನಡೆಯುವ ಕ್ರಿಯೆ. ಅಮೈನೋ ಆಮ್ಲದ ಜೊತೆ ನಿಜವಾಗಿ ವರ್ತಿಸುತ್ತಿರುವುದು ಹೈಪೋಕ್ಲೋರಸ್ ಆಮ್ಲವಾದರೆ, ಸಲ್ಫೊನಮೈಡ್ ಕೂಡಿಕೊಂಡಷ್ಟೂ ಅದು ಈ ಒಡೆಯುವಿಕೆಯನ್ನು ಹಿಂದಕ್ಕೆ ತಳ್ಳುತ್ತದೆ, ಅಮೈನೋ ಆಮ್ಲದ ಕ್ರಿಯೆ ನಿಧಾನವಾಗುತ್ತದೆ. ಕೊನೆಯ ಬಿಂದುಗಳು ಮೇಲಕ್ಕೆ ಹೋಗುತ್ತವೆ. ನಾನು ಮೈಸೂರಿನಲ್ಲಿ ಸಲ್ಫೊನಮೈಡ್ ಸೇರಿಸಿ ನೋಡಿದ್ದೆ. ಪರಿಣಾಮ ಇಲ್ಲ ಎಂದೂ ಬರೆದಿದ್ದೆ. ಆದರೆ ನೋಡಿದ್ದು ಒಂದೇ ಆಮ್ಲ ಪ್ರಮಾಣದಲ್ಲಿ, ಅದೂ ಆಮ್ಲ ಜಾಸ್ತಿ ಇದ್ದ ಕಡೆ. ಅಲ್ಲಿ ಕ್ರಿಯೆ ಬೇರೆ ದಾರಿಯಲ್ಲಿ ನಡೆಯುತ್ತಿರಬೇಕು.

ಇದನ್ನು ಪರೀಕ್ಷಿಸಲು ಥರ್ಮೋಸ್ಟಾಟ್ ಬೇಕು. ಯುಜಿಸಿಯ ಬೆಂಗಳೂರು ಪ್ರಾದೇಶಿಕ ಕಚೇರಿಗೆ ಮೈನರ್ ರಿಸರ್ಚ್ ಪ್ರಾಜೆಕ್ಟ್ ಅರ್ಜಿ ಹಾಕಿದೆ. ಹೊಸಬರಿಗೆ ನಾನು ಹೇಳುವುದು ಇಷ್ಟು: ಅರ್ಜಿಯಲ್ಲಿ ದೊಡ್ಡ ಮಾತು ಬೇಡ, ಒಂದು ಸಣ್ಣ ಪ್ರಶ್ನೆ ಬರೆಯಿರಿ, ಅದಕ್ಕೆ ಉತ್ತರ ಹುಡುಕಲು ಏನೇನು ಬೇಕು ಎಂದು ಬರೆಯಿರಿ. ಹಣ ಬಂತು. ಥರ್ಮೋಸ್ಟಾಟ್, ಪಿಎಚ್ ಮೀಟರ್, ಕೆಮಿಕಲ್ಸ್ ತಂದೆ. ಹಳೆಯ ಸ್ಟೋರ್ ರೂಮಿನ ಅರ್ಧ ಭಾಗ ನನ್ನ ಲ್ಯಾಬ್ ಆಯಿತು. ಆಗಿನ ಆಡಳಿತದವರಲ್ಲಿ ಒಬ್ಬರು "ಪಾಠ ಮಾಡೋರಿಗೆ ಇದೆಲ್ಲ ಯಾಕೆ?" ಎಂದು ಕೇಳಿದರು. ನಾನು ಉತ್ತರ ಕೊಡದೆ ಬೆಳಗ್ಗೆ 7ರಿಂದ 9.30ರವರೆಗೆ, ಕ್ಲಾಸಿಗೆ ಮುಂಚೆ, ರನ್ ಮಾಡಲು ಶುರು ಮಾಡಿದೆ. ಆ ಹೊತ್ತಿನಲ್ಲಿ ಕೋಣೆಯೂ ತಣ್ಣಗೆ, ಕಾಲೇಜೂ ಮೌನ. ದಿನಕ್ಕೆ ಒಂದೇ ರನ್. ಆದರೆ ದಿನಾ.

ಆಮ್ಲ ಕಡಿಮೆ ಇದ್ದಾಗ ಸಲ್ಫೊನಮೈಡ್ ಸೇರಿಸಿದರೆ ದರ ಇಳಿಯಿತು. ಎರಡು ಪಟ್ಟು ಸೇರಿಸಿದರೆ ಇನ್ನೂ ಇಳಿಯಿತು. ಅಂಥ ಬೆಳಗ್ಗೆಗಳ ಸಂತೋಷವನ್ನು ಹೇಗೆ ಹೇಳಲಿ! ಬರೆದು ಕಳಿಸಿದ ಪೇಪರ್ ಮೊದಲ ಸಲ ವಾಪಸ್ ಬಂತು. ಕ್ರಿಯೆಯಿಂದ ಬಂದ ವಸ್ತುವನ್ನು ಗುರುತಿಸಿ ತೋರಿಸಿಲ್ಲ ಎಂದು ಪೇಪರ್ ಪರಿಶೀಲಿಸಿದ ರೆಫರಿ ಬರೆದಿದ್ದರು. ಅವರು ಹೇಳಿದ್ದು ಸರಿ. ಕ್ರಿಯೆಯಿಂದ ಬರುವ ಆಲ್ಡಿಹೈಡನ್ನು 2,4-ಡಿಎನ್‌ಪಿ (ಆಲ್ಡಿಹೈಡ್ ಗುರುತಿಸಲು ಬಳಸುವ ಕೆಮಿಕಲ್) ಜೊತೆ ಸೇರಿಸಿ ಹಳದಿ ಗಸಿ ತೆಗೆದು, ಒಣಗಿಸಿ, ಕರಗುವ ಬಿಂದು ನೋಡಿ, ಎಲ್ಲವನ್ನೂ ಸೇರಿಸಿ ಮತ್ತೆ ಕಳಿಸಿದೆ. ಎಂಟು ತಿಂಗಳ ಮೇಲೆ ಒಪ್ಪಿಗೆ ಬಂತು. ಪೇಪರಿನ ಕೊನೆಯಲ್ಲಿ ಕೃತಜ್ಞತೆ ಹೇಳುವ ಜಾಗದಲ್ಲಿ ಆ ವಿದ್ಯಾರ್ಥಿನಿಯ ಹೆಸರು ಹಾಕಿದೆ.

ಆಮೇಲಿನ 20 ವರ್ಷದಲ್ಲಿ ಬಂದ ಪೇಪರುಗಳು 14. ಕಡಿಮೆ ಎನ್ನುವವರಿದ್ದಾರೆ. 2010ರಲ್ಲಿ ಯುಜಿಸಿ ನಿಯಮದಲ್ಲಿ ಎಪಿಐ ಅಂಕ, ಅಂದರೆ ಪೇಪರು ಮುಂತಾದವನ್ನು ಎಣಿಸಿ ಬಡ್ತಿಗೆ ನೋಡುವ ಅಂಕ, ಬಂದ ಮೇಲೆ ಒತ್ತಡ ಶುರುವಾಯಿತು. ದುಡ್ಡು ಕಟ್ಟಿದರೆ ಹತ್ತು ದಿನದಲ್ಲಿ ಪೇಪರ್ ಹಾಕುತ್ತೇವೆ ಎಂಬ ಇಮೇಲ್‌ಗಳು ದಿನಾ ಬರುತ್ತಿದ್ದವು. ನನ್ನ ಬಡ್ತಿ ಎರಡು ವರ್ಷ ತಡವಾಯಿತು. ಮನೆಯಲ್ಲಿ ಅದರ ಮಾತು ಬಂದಾಗ ಕಷ್ಟವಾಗುತ್ತಿತ್ತು, ಇಲ್ಲ ಎನ್ನಲಾರೆ. ಆದರೆ ಒಂದು ಕ್ರಿಯೆಗೆ ಎರಡು ವರ್ಷ ಬೇಕಾದರೆ ಎರಡು ವರ್ಷ ಬೇಕು. ಬೇರೆ ದಾರಿ ಇದೆ ಎಂದು ನನಗೆ ಅನಿಸಲಿಲ್ಲ.

ಆ 14ರಲ್ಲಿ ಐದರ ಕೆಲಸ ಬಿ.ಎಸ್ಸಿ. ಹುಡುಗರು ಮಾಡಿದ್ದು. ಬೆಳಗ್ಗೆ 7ಕ್ಕೆ ಬರುತ್ತೇನೆ ಅಂದವರನ್ನೆಲ್ಲ ಸೇರಿಸಿಕೊಂಡೆ. ಅಂಕ ನೋಡಲಿಲ್ಲ. ಮೊದಲ ತಿಂಗಳು ಅವರಿಗೆ ಕೊಡುತ್ತಿದ್ದದ್ದು ಒಂದೇ ಕೆಲಸ: ಒಂದೇ ದ್ರಾವಣವನ್ನು 20 ಸಲ ಟೈಟ್ರೇಟ್ ಮಾಡಿ, 20 ರೀಡಿಂಗನ್ನೂ ಪೆನ್ನಿನಲ್ಲಿ ಬರೆಯುವುದು. ಪೆನ್ಸಿಲ್ ಇಲ್ಲ, ಅಳಿಸುವುದು ಇಲ್ಲ. ಯಾವುದಾದರೂ ರೀಡಿಂಗ್ ಬಿಡಬೇಕಾದರೆ ಪಕ್ಕದಲ್ಲಿ ಕಾರಣ ಬರೆದು ಬಿಡಬೇಕು. ಹುಡುಗರಿಗೆ ಇದು ಬೇಗ ಬೇಸರ ತರುತ್ತದೆ. ಮೂರನೆಯ ವಾರದಲ್ಲಿ ಯಾರಾದರೂ ಬಂದು, "ಸರ್, ಮಧ್ಯಾಹ್ನದ್ದೆಲ್ಲ ಸ್ವಲ್ಪ ಕಡಿಮೆ ಬರ್ತಿದೆ, ಯಾಕೆ?" ಎಂದು ಕೇಳುತ್ತಾರೆ. ಅವರಿಗೆ ಕ್ಲೋರಮೀನ್-ಟಿ ಬಾಟಲಿ ಕೊಡುವ ದಿನ ಅದು.

ಬಾಗಿದ ಗೆರೆಯ ಆ ಹುಡುಗಿ ಆಮೇಲೆ ಬಿ.ಎಡ್. ಮಾಡಿ ಹೈಸ್ಕೂಲಿನಲ್ಲಿ ವಿಜ್ಞಾನ ಮೇಡಂ ಆದಳು. ನನ್ನ ನಿವೃತ್ತಿಯ ದಿನ ಕಾಲೇಜಿಗೆ ಬಂದಿದ್ದಳು. ಇಬ್ಬರೂ ಲ್ಯಾಬಿಗೆ ಹೋದೆವು. ಮೇಲಿನ ಶೀಟು ಹೋಗಿ ಆರ್‌ಸಿಸಿ ಆಗಿದೆ. ಮೇಜಿನ ಮೇಲೆ ಯಾರೋ ಎಸ್ಟರ್ ಪ್ರಯೋಗದ ರೆಕಾರ್ಡ್ ಬಿಟ್ಟು ಹೋಗಿದ್ದರು. ಅವಳು ತೆರೆದು ನೋಡಿದಳು. ಕ್ರಮಸಂಖ್ಯೆ, ಸಮಯ, ಬ್ಯುರೆಟ್ ರೀಡಿಂಗ್. ಅದರ ಪಕ್ಕದಲ್ಲಿ ನಾಲ್ಕನೆಯ ಕಾಲಂ, ಸ್ಕೇಲಿಟ್ಟು ಎಳೆದದ್ದು. ಅದರೊಳಗೆ ಪ್ರತಿ ರೀಡಿಂಗಿನ ಹೊತ್ತಿನ ಉಷ್ಣತೆ: 28, 28, 28.5, 29. 2001ರ ಬ್ಯಾಚಿಗೆ ನಾನು ಹಾಕಿಸಿದ ಕಾಲಂ. ಈಗ ಕಲಿಸುತ್ತಿರುವ ಮೇಷ್ಟ್ರಿಗೆ ಅದು ಯಾಕೆ ಬಂತೆಂದು ಗೊತ್ತಿಲ್ಲ, ನಾನೂ ಹೇಳಿರಲಿಲ್ಲ. ಅವಳು ಆ ಕಾಲಂ ಮೇಲಿಂದ ಕೆಳಗೆ ಒಂದೊಂದೇ ಓದಿ, ಪುಟದ ಅಡಿಯ ಗ್ರಾಫಿನ ಮೇಲೆ ಬೆರಳಿಟ್ಟು, "ಇಲ್ಲಿ ಸ್ವಲ್ಪ ಬಾಗಿದೆ ನೋಡಿ ಸರ್" ಎಂದಳು.